ಗಂಟೆಗಳ ಲೆಕ್ಕ: ನ್ಯೂಜಿಲೆಂಡಿನ ಸಣ್ಣೂರುಗಳ ಪೈಲಟ್‌ಗಳು

1934ರ ಡಿಸೆಂಬರ್ 18ರಂದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹೋಕಿಟಿಕಾ ಎಂಬ ಕರಾವಳಿ ಊರಿನಿಂದ ಒಂದು ಫಾಕ್ಸ್ ಮಾತ್ ವಿಮಾನ ದಕ್ಷಿಣ ದಿಕ್ಕಿಗೆ ಹಾರಿತು. ಮರದ ಚೌಕಟ್ಟು, ಒಂದೇ ಎಂಜಿನ್, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಪ್ರಯಾಣಿಕರು ಮುಂದಿನ ಮುಚ್ಚಿದ ಗೂಡಿನಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದರು. ಪೈಲಟ್‌ಗೆ ಆ ಸುಖವೂ ಇರಲಿಲ್ಲ. ಅವರ ಹಿಂದೆ, ಸ್ವಲ್ಪ ಎತ್ತರದಲ್ಲಿ, ತಲೆಯ ಮೇಲೆ ಸೂರಿಲ್ಲದ ಕಾಕ್‌ಪಿಟ್‌ನಲ್ಲಿ ಮಳೆಗಾಳಿಗೆ ಮುಖ ಒಡ್ಡಿಕೊಂಡು ಕೂರಬೇಕಿತ್ತು. ಅಲ್ಲಿ ಕೂತಿದ್ದವರು ಬರ್ಟ್ ಮರ್ಸರ್. ಅವರ ಕಂಪನಿಯ ಹೆಸರು ಏರ್ ಟ್ರಾವೆಲ್. ನ್ಯೂಜಿಲೆಂಡಿನಲ್ಲಿ ಪರವಾನಗಿ ಪಡೆದು ವೇಳಾಪಟ್ಟಿಯಂತೆ ನಡೆದ ಮೊದಲ ವಿಮಾನ ಸೇವೆ ಅದು.

ಆ ಸೇವೆ ಶುರುವಾದದ್ದು ಆಕ್ಲೆಂಡ್, ವೆಲ್ಲಿಂಗ್ಟನ್‌ನಂಥ ದೊಡ್ಡ ನಗರಗಳ ನಡುವೆ ಅಲ್ಲ. ಹಾಸ್ಟ್ ಮತ್ತು ಅದರಾಚೆಗಿನ ಒಂಟಿ ಮನೆಗಳಿಗೆ ರಸ್ತೆ ಇರಲಿಲ್ಲ. ಕರಾವಳಿಯ ಉದ್ದಕ್ಕೂ ಹಾಸ್ಟ್‌ವರೆಗಿನ ರಸ್ತೆ ಪೂರ್ತಿಯಾಗಿ ಕೂಡಿಕೊಂಡದ್ದೇ 1965ರಲ್ಲಿ. ಅಲ್ಲಿಯತನಕ ಕುದುರೆ, ಹಡಗು, ಇಲ್ಲವೇ ಈ ವಿಮಾನ. ಮರ್ಸರ್ ಟಪಾಲು ಒಯ್ದರು, ದಿನಸಿ ಒಯ್ದರು, ಹೆರಿಗೆಗೋ ಚಿಕಿತ್ಸೆಗೋ ಹೊರಟವರನ್ನು ಕರೆತಂದರು. ಋತು ಬಂದಾಗ ಅಲ್ಲಿನ ನದಿಮುಖಗಳಲ್ಲಿ ಹಿಡಿದ ವೈಟ್‌ಬೇಟ್ ಎಂಬ ಸಣ್ಣ ಮೀನನ್ನು ಡಬ್ಬಗಟ್ಟಲೆ ಪೇಟೆಗೆ ತಂದರು. ಇಳಿಯುವ ಜಾಗ ಅಂದರೆ ಎಷ್ಟೋ ಕಡೆ ಕಡಲ ದಂಡೆ ಅಥವಾ ಹೊಳೆಯ ಪಾತ್ರ.

ಇಂಥ ಪೈಲಟ್ ಎಲ್ಲಿಂದ ಬಂದರು? ಅವರಿಗೆ ಹಾರುವುದನ್ನು ಕಲಿಸಿದವರು ಯಾರು? ಆ ದೇಶದ ಸಣ್ಣ ವಿಮಾನ ಕಂಪನಿಗಳಲ್ಲಿ ಕೆಲಸ ಸಿಗುವ ಬಗೆಯ ಚರಿತ್ರೆ ಪೂರ್ತಿ ಈ ಎರಡು ಪ್ರಶ್ನೆಗಳ ಸುತ್ತ ನಡೆಯುತ್ತದೆ. ಬಹುಕಾಲ ಯಾವ ಕಂಪನಿಯೂ ತನಗೆ ಬೇಕಾದ ಪೈಲಟ್‌ಗಳನ್ನು ಮೊದಲ ಪಾಠದಿಂದ ತಾನೇ ತಯಾರಿಸಿಕೊಳ್ಳಲಿಲ್ಲ. ಬೇರೆ ಯಾರೋ ಕಲಿಸಿದರು, ಬೇರೆಲ್ಲೋ ಅವರು ಪಳಗಿದರು. ಪಳಗಿ ಬಂದವರನ್ನು ಕಂಪನಿಗಳು ಆರಿಸಿಕೊಂಡವು.

ಕಲಿಸಿದವರಲ್ಲಿ ಮೊದಲಿಗರು ವಾಲ್ಶ್ ಸಹೋದರರು. ಲಿಯೋ ಮತ್ತು ವಿವಿಯನ್ ವಾಲ್ಶ್ 1915ರಲ್ಲಿ ಆಕ್ಲೆಂಡಿನ ಕಡಲ ತಡಿಯಲ್ಲಿ, ಈಗ ಮಿಷನ್ ಬೇ ಎನ್ನುವ ಕಡೆ, ನ್ಯೂಜಿಲೆಂಡ್ ಫ್ಲೈಯಿಂಗ್ ಸ್ಕೂಲ್ ತೆರೆದರು. ನೀರಿನಿಂದಲೇ ಏರಿ ನೀರಿಗೇ ಇಳಿಯುವ ವಿಮಾನಗಳು ಅವರವು. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಶುಲ್ಕ 100 ಪೌಂಡ್. ಕಲಿತು ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕಾರ್ಪ್ಸ್‌ನಲ್ಲಿ ಅಧಿಕಾರಿ ಪದವಿ ಸಿಕ್ಕರೆ ಅದರಲ್ಲಿ 75 ಪೌಂಡ್ ವಾಪಸು. ಈ ಏರ್ಪಾಟಿನಲ್ಲಿ 100ಕ್ಕೂ ಹೆಚ್ಚು ತರುಣರು ಅಲ್ಲಿ ತಯಾರಾದರು. ಯುದ್ಧದ ಆಕಾಶದಲ್ಲಿ ದೊಡ್ಡ ಹೆಸರು ಮಾಡಿದ ಕೀತ್ ಕಾಲ್ಡ್‌ವೆಲ್ ಅದೇ ಶಾಲೆಯ ವಿದ್ಯಾರ್ಥಿ. ಕ್ರೈಸ್ಟ್‌ಚರ್ಚ್‌ನಲ್ಲಿ ಹೆನ್ರಿ ವಿಗ್ರಾಮ್ ಕಟ್ಟಿದ ಕ್ಯಾಂಟರ್ಬರಿ ಏವಿಯೇಷನ್ ಕಂಪನಿ 180ಕ್ಕೂ ಹೆಚ್ಚು ಜನರನ್ನು ತಯಾರು ಮಾಡಿತು.

ಅಮೆರಿಕದ ಬೋಯಿಂಗ್ ತಯಾರಿಸಿದ ಮೊಟ್ಟಮೊದಲ ಎರಡು ವಿಮಾನಗಳನ್ನು ಕೊಂಡವರೂ ಇದೇ ವಾಲ್ಶ್ ಸಹೋದರರು. ಅವರಲ್ಲಿ ಕೆಲಸಕ್ಕೆ ಸೇರಿದ್ದ ಜಾರ್ಜ್ ಬೋಲ್ಟ್ 1919ರ ಡಿಸೆಂಬರ್‌ನಲ್ಲಿ ಆಕ್ಲೆಂಡಿನಿಂದ ಡಾರ್ಗವಿಲ್‌ಗೆ ದೇಶದ ಮೊದಲ ಅಧಿಕೃತ ವಿಮಾನ ಟಪಾಲು ಒಯ್ದರು. ಬೋಲ್ಟ್ ಹುಡುಗನಾಗಿದ್ದಾಗ ಕ್ರೈಸ್ಟ್‌ಚರ್ಚ್‌ನ ಗುಡ್ಡಗಳ ಮೇಲಿಂದ ತಾವೇ ಕಟ್ಟಿದ ಗ್ಲೈಡರ್‌ಗಳಲ್ಲಿ ಜಾರಿ ಹಾರುವುದನ್ನು ಕಲಿತವರು. ಆದರೆ ಯುದ್ಧ ಮುಗಿದ ಮೇಲೆ ಕಲಿಯುವವರೂ ಇಲ್ಲ, ಕಲಿತವರಿಗೆ ಕೆಲಸವೂ ಇಲ್ಲ ಎಂಬಂತಾಯಿತು. 1924ರಲ್ಲಿ ವಾಲ್ಶ್ ಸಹೋದರರ ಶಾಲೆ ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲನ್ನು ಮತ್ತೆ ತೆರೆದದ್ದು ಏರೋ ಕ್ಲಬ್‌ಗಳು. 1920ರ ದಶಕದ ಕೊನೆಗೆ ಆಕ್ಲೆಂಡ್, ಕ್ಯಾಂಟರ್ಬರಿ ಮುಂತಾದ ಕಡೆ ಕ್ಲಬ್‌ಗಳು ಹುಟ್ಟಿದವು. ಸರ್ಕಾರ ಅವುಗಳಿಗೆ ಮಾತ್ ವಿಮಾನಗಳನ್ನು ಕೊಟ್ಟಿತು. ರೈತರ ಮಕ್ಕಳು, ಅಂಗಡಿಯವರು, ಮೆಕ್ಯಾನಿಕ್‌ಗಳು ಭಾನುವಾರಗಳಲ್ಲಿ ಬಂದು ಹಾರಲು ಕಲಿತರು. ಹೆಣ್ಣುಮಕ್ಕಳೂ ಹಿಂದುಳಿಯಲಿಲ್ಲ. ಗ್ಲಾಡಿಸ್ ಸ್ಯಾಂಡ್‌ಫರ್ಡ್ 1925ರಲ್ಲೇ ಪೈಲಟ್ ಲೈಸೆನ್ಸ್ ಪಡೆದು ಆ ದೇಶದ ಮೊದಲ ಮಹಿಳಾ ಪೈಲಟ್ ಆಗಿದ್ದರು. ಬರ್ಟ್ ಮರ್ಸರ್ ಈ ಕ್ಲಬ್‌ಗಳ ಕಾಲದ ಮನುಷ್ಯ. ಹೋಕಿಟಿಕಾಕ್ಕೆ ಹೋಗುವ ಮುಂಚೆ ಅವರು ಕ್ಯಾಂಟರ್ಬರಿ ಏರೋ ಕ್ಲಬ್‌ನಲ್ಲಿ ಮುಖ್ಯ ಬೋಧಕರಾಗಿದ್ದರು. ಮೊದಲು ಕಲಿಸು, ಕಲಿಸುತ್ತ ಅನುಭವ ಗಳಿಸು, ಆಮೇಲೆ ಪ್ರಯಾಣಿಕರನ್ನು ಹೊತ್ತುಕೊಂಡು ಹಾರು ಎಂಬ ಕ್ರಮ ಆಗಲೇ ಕಾಣಿಸಿಕೊಂಡಿತ್ತು. 90 ವರ್ಷಗಳ ನಂತರವೂ ಅಲ್ಲಿನ ತರುಣ ಪೈಲಟ್‌ಗಳು ನಡೆಯುವ ಸಾಮಾನ್ಯ ದಾರಿ ಇದೇ.

ಮರ್ಸರ್ ಹಾರಿದ ಹದಿನಾಲ್ಕು ತಿಂಗಳೊಳಗೆ ಇನ್ನೂ ಮೂರು ಕಂಪನಿಗಳು ಬಂದವು. 1935ರಲ್ಲಿ ಗಿಸ್ಬರ್ನ್‌ನಿಂದ ನೇಪಿಯರ್‌ಗೆ ಈಸ್ಟ್ ಕೋಸ್ಟ್ ಏರ್‌ವೇಸ್. ಅದೇ ವರ್ಷದ ಕೊನೆಗೆ ಎರಡು ದ್ವೀಪಗಳ ನಡುವಿನ ಜಲಸಂಧಿ ದಾಟಿಸಲು ಕುಕ್ ಸ್ಟ್ರೇಟ್ ಏರ್‌ವೇಸ್. ಅದರ ಮುಖ್ಯ ಪೈಲಟ್, ಟಪಾಲು ಒಯ್ದಿದ್ದ ಅದೇ ಜಾರ್ಜ್ ಬೋಲ್ಟ್. 1936ರ ಜನವರಿಯಲ್ಲಿ ಪಾಮರ್‌ಸ್ಟನ್ ನಾರ್ತ್‌ನಿಂದ ಡ್ಯುನೆಡಿನ್‌ವರೆಗೆ ಯೂನಿಯನ್ ಏರ್‌ವೇಸ್. ಪೈಲಟ್‌ಗಳ ಸಂಖ್ಯೆ ಬೆರಳೆಣಿಕೆಯದು. ಎಲ್ಲರಿಗೂ ಎಲ್ಲರ ಪರಿಚಯ. ಯಾರು ಎಷ್ಟು ಹಾರಿದ್ದಾರೆ, ಮೋಡ ಕವಿದಾಗ ಯಾರು ಹಿಂತಿರುಗುತ್ತಾರೆ, ಯಾರು ಹುಂಬತನದಿಂದ ಮುನ್ನುಗ್ಗುತ್ತಾರೆ ಎಂಬುದು ಕ್ಲಬ್ಬುಗಳಲ್ಲಿ ಗೊತ್ತಿದ್ದ ವಿಷಯ.

ಮರ್ಸರ್ 1944ರಲ್ಲಿ ತಮ್ಮದೇ ಕಂಪನಿಯ ವಿಮಾನದಲ್ಲಿ ಪ್ರಯಾಣಿಕರಾಗಿ ಕೂತು ಹೋಗುತ್ತಿದ್ದಾಗ ಅದು ಬೆಟ್ಟಕ್ಕೆ ಬಡಿದು ತೀರಿಕೊಂಡರು. 1947ರಲ್ಲಿ ಅವರ ಕಂಪನಿಯೂ ಉಳಿದವುಗಳಂತೆ ಸರ್ಕಾರಿ ಸ್ವಾಮ್ಯದ ನ್ಯಾಷನಲ್ ಏರ್‌ವೇಸ್ ಕಾರ್ಪೊರೇಷನ್‌ನಲ್ಲಿ, ಜನರ ಬಾಯಲ್ಲಿ ಎನ್‌ಎಸಿಯಲ್ಲಿ, ವಿಲೀನವಾಯಿತು.

ಎನ್‌ಎಸಿಗೆ ಪೈಲಟ್‌ಗಳನ್ನು ಹುಡುಕಿಕೊಂಡು ಹೋಗಬೇಕಾದ ಪ್ರಮೇಯವೇ ಬರಲಿಲ್ಲ. ಎರಡನೇ ಮಹಾಯುದ್ಧದಿಂದ ವಾಯುಪಡೆಯ ತರುಣರು ಸಾಲುಸಾಲಾಗಿ ಮನೆಗೆ ಮರಳಿದ್ದರು. ಹಲವು ವಿಮಾನಗಳೂ ವಾಯುಪಡೆಯಿಂದಲೇ ಬಂದವು: ಲೋಡ್‌ಸ್ಟಾರ್, ಡಿಸಿ-3. ಯುದ್ಧದಲ್ಲಿ ಸಾವಿರಾರು ಗಂಟೆ ಹಾರಿದವರು ಈಗ ಅಂಗಿಯ ಮೇಲಿನ ಪಟ್ಟಿ ಬದಲಿಸಿಕೊಂಡು ಊರೂರಿಗೆ ಜನರನ್ನು ಒಯ್ದರು. ಆದರೆ ಆ ನೆಲದ ಹವೆ ಯಾರ ಅನುಭವಕ್ಕೂ ಮಣಿಯುವಂಥದ್ದಲ್ಲ. 1948ರ ಅಕ್ಟೋಬರ್‌ನಲ್ಲಿ ‘ಕಾಕಾ’ ಎಂಬ ಹೆಸರಿನ ಎಲೆಕ್ಟ್ರಾ ವಿಮಾನ ರುವಾಪೆಹು ಪರ್ವತಕ್ಕೆ ಬಡಿದು 13 ಜನ ಸತ್ತರು. ಐದು ತಿಂಗಳೊಳಗೆ ‘ಕೆರೆರು’ ಎಂಬ ಲೋಡ್‌ಸ್ಟಾರ್ ವೈಕನೈ ಬಳಿ ಬಿದ್ದು 15 ಜನ. 1963ರ ಜುಲೈ 3ರಂದು ಕೈಮೈ ಬೆಟ್ಟಸಾಲಿನಲ್ಲಿ ಡಿಸಿ-3 ಅಪ್ಪಳಿಸಿ 23 ಜನ. ಬೆಟ್ಟ, ಕಡಲು, ನಡುವೆ ಬೀಸುವ ಬಿರುಗಾಳಿ ಇರುವ ಈ ದೇಶದಲ್ಲಿ ‘ಇಲ್ಲಿಯ ಹವೆಯಲ್ಲಿ ಎಷ್ಟು ಹಾರಿದ್ದೀಯ?’ ಎಂದು ಅಭ್ಯರ್ಥಿಯನ್ನು ಕೇಳುವುದಕ್ಕೆ ಇಷ್ಟು ಜೀವಗಳ ಹಿನ್ನೆಲೆಯಿದೆ.

ವಾಯುಪಡೆಯವರಿಗೆ ವಯಸ್ಸಾಗುತ್ತ ಬಂದಂತೆ ಇನ್ನೊಂದು ಗರಡಿಮನೆ ತಯಾರಾಗಿತ್ತು. ಗುಡ್ಡಗಾಡಿನ ಕುರಿ ಹುಲ್ಲುಗಾವಲುಗಳಿಗೆ ಆಕಾಶದಿಂದ ಸೂಪರ್ ಫಾಸ್ಫೇಟ್ ಗೊಬ್ಬರ ಎರಚುವ ಕೆಲಸ 1949ರಲ್ಲಿ ಟೈಗರ್ ಮಾತ್ ವಿಮಾನಗಳಿಂದ ವ್ಯಾಪಾರವಾಗಿ ಶುರುವಾಯಿತು. ಹ್ಯಾಮಿಲ್ಟನ್‌ನ ಜೇಮ್ಸ್ ಏವಿಯೇಷನ್‌ನಂಥ ಕಂಪನಿಗಳು ಬೆಳೆದವು. ಬೆಟ್ಟದ ನೆತ್ತಿಯ ಮೇಲೆ ಹುಲ್ಲು ಕೆತ್ತಿ ಮಾಡಿದ ಇಳಿಜಾರು ಪಟ್ಟಿ. ಗೊಬ್ಬರ ತುಂಬಿಸಿಕೊಂಡು ಏರುವುದು, ಎರಚುವುದು, ಕೆಲವೇ ನಿಮಿಷಗಳಲ್ಲಿ ಇಳಿಯುವುದು, ಮತ್ತೆ ತುಂಬಿಸಿಕೊಳ್ಳುವುದು. ದಿನವಿಡೀ ಇದೇ. ಪ್ರಾಣಕ್ಕೆ ಎರವಾಗುವ ಕೆಲಸ, ಹಲವರು ಸತ್ತರು. ಉಳಿದವರ ಕೈ ಮಾತ್ರ ಅಸಾಧಾರಣವಾಗಿ ಪಳಗಿತು.

ಇದೇ ಕಾಲದಲ್ಲಿ ಸಣ್ಣ ಸಾಹಸಿಗಳೂ ಕೆಲಸ ಕೊಟ್ಟರು. 1955ರ ಸೆಪ್ಟೆಂಬರ್ 22ರಂದು ಹ್ಯಾರಿ ವಿಗ್ಲಿ ಹಿಮಹಲಗೆ ಕಟ್ಟಿದ ಆಸ್ಟರ್ ವಿಮಾನವನ್ನು ಟಾಸ್ಮನ್ ಹಿಮನದಿಯ ಮೇಲೆ ಇಳಿಸಿದರು. ಅವರ ತಂದೆ ರೊಡಾಲ್ಫ್ ವಿಗ್ಲಿ 1906ರಲ್ಲಿ ಮೌಂಟ್ ಕುಕ್‌ಗೆ ಕಾರಿನಲ್ಲಿ ಹೋಗಿ ಕಟ್ಟಿದ ಪ್ರವಾಸ ಸಂಸ್ಥೆಯೇ ಮುಂದೆ ಮೌಂಟ್ ಕುಕ್ ಏರ್‌ಲೈನ್ ಆಯಿತು. ಆಕ್ಲೆಂಡಿನಲ್ಲಿ ಫ್ರೆಡ್ ಲ್ಯಾಡ್ ನೀರಿನಲ್ಲೂ ನೆಲದಲ್ಲೂ ಇಳಿಯುವ ವಿಜನ್ ವಿಮಾನಗಳಲ್ಲಿ ಹತ್ತಿರದ ದ್ವೀಪಗಳಿಗೆ ಜನರನ್ನು ಕರೆದೊಯ್ದರು. ಸ್ಪ್ಯಾನ್ಜ್ ಎಂಬ ಖಾಸಗಿ ಕಂಪನಿ 1960ರಿಂದ 1966ರವರೆಗೆ ಎನ್‌ಎಸಿ ಹೋಗದ ಊರುಗಳಿಗೆ ಡಿಸಿ-3 ಹಾರಿಸಿ, ಸೋತು ಕೈ ಚೆಲ್ಲಿತು.

1969ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಈಗಲ್ ಏರ್‌ವೇಸ್, 1979ರಲ್ಲಿ ನೆಲ್ಸನ್‌ನಲ್ಲಿ ಏರ್ ನೆಲ್ಸನ್. ಇವು ಮೌಂಟ್ ಕುಕ್ ಜೊತೆ ಸೇರಿ ಮುಂದೆ ಏರ್ ನ್ಯೂಜಿಲೆಂಡ್‌ನ ಹೆಸರಿನಡಿ ಸಣ್ಣೂರುಗಳ ಜಾಲವಾದವು. ಅಷ್ಟರಲ್ಲಿ, 1978ರಲ್ಲಿ, ಎನ್‌ಎಸಿ ಏರ್ ನ್ಯೂಜಿಲೆಂಡ್‌ನೊಳಗೆ ಸೇರಿಹೋಗಿತ್ತು. 1980ರ ದಶಕದಲ್ಲಿ ಸರ್ಕಾರ ಪರವಾನಗಿಯ ಬಿಗಿ ಸಡಿಲಿಸಿ 1987ರಲ್ಲಿ ಆನ್ಸೆಟ್ ನ್ಯೂಜಿಲೆಂಡ್ ಪೈಪೋಟಿಗೆ ಬಂದಾಗ ಪೈಲಟ್‌ಗಳಿಗೆ ಒಂದರ ಬದಲು ಎರಡು ಬಾಗಿಲು ಸಿಕ್ಕವು.

ಈಗ ಮೆಟ್ಟಿಲುಗಳು ಸ್ಪಷ್ಟವಾದವು. ನ್ಯೂಜಿಲೆಂಡಿನ ತರುಣ ಪೈಲಟ್‌ನ ಲಾಗ್‌ಬುಕ್ಕನ್ನು ಹತ್ತಿರದಿಂದ ನೋಡಿದರೆ ಅವು ಕಣ್ಣಿಗೇ ಕಾಣುತ್ತವೆ. ಒಂದೊಂದು ಹಾರಾಟಕ್ಕೆ ಒಂದೊಂದು ಸಾಲು. ತಾರೀಖು, ವಿಮಾನದ ಮಾದರಿ, ‘ಜೆಡ್‌ಕೆ’ಯಿಂದ ಶುರುವಾಗುವ ನೋಂದಣಿ ಅಕ್ಷರಗಳು, ಹಗಲೋ ರಾತ್ರಿಯೋ, ಒಂದು ಎಂಜಿನ್ನೋ ಎರಡೋ, ತಾನೇ ಹೊಣೆ ಹೊತ್ತಿದ್ದೋ ಪಕ್ಕದಲ್ಲಿ ಕೂತಿದ್ದೋ. ಪುಟದ ಕೆಳಗೆ ಒಟ್ಟು ಗಂಟೆಗಳನ್ನು ಕೂಡಿ ಮುಂದಿನ ಪುಟಕ್ಕೆ ಒಯ್ಯಬೇಕು. ಕಮರ್ಷಿಯಲ್ ಲೈಸೆನ್ಸ್‌ಗೆ ಸಾಮಾನ್ಯವಾಗಿ 200 ಗಂಟೆ, ಮಾನ್ಯತೆ ಪಡೆದ ಸಮಗ್ರ ಕೋರ್ಸಾದರೆ 150. ಕ್ಯಾಪ್ಟನ್ ಆಗಲು ಬೇಕಾದ ಏರ್‌ಲೈನ್ ಲೈಸೆನ್ಸ್‌ಗೆ 1500. ಈ ಎರಡರ ನಡುವಿನ ಗಂಟೆಗಳನ್ನು ಎಲ್ಲಿ ಸಂಪಾದಿಸುವುದು ಎಂಬುದೇ ಅಲ್ಲಿ ಪ್ರತಿಯೊಬ್ಬರ ಚಿಂತೆ.

ಕೆಲವರು ತಾವು ಕಲಿತ ಶಾಲೆಯಲ್ಲೇ ಕಿರಿಯ ಬೋಧಕರಾಗಿ ನಿಲ್ಲುತ್ತಾರೆ. ಕೆಲವರು ಪ್ಯಾರಾಚೂಟ್ ಜಿಗಿತಗಾರರನ್ನು ಮೇಲಕ್ಕೆ ಒಯ್ದು ಖಾಲಿ ವಿಮಾನ ಇಳಿಸುತ್ತಾರೆ. ಕೆಲವರು ಮಿಲ್ಫರ್ಡ್ ಸೌಂಡ್‌ನ ಕಣಿವೆಗಳ ಮೇಲೆ ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ. ಆಮೇಲೆ ಪಿಕ್ಟನ್‌ನ ಸೌಂಡ್ಸ್ ಏರ್, 1984ರಲ್ಲಿ ಹುಟ್ಟಿದ ಏರ್ ಚಾಥಮ್ಸ್, ಗ್ರೇಟ್ ಬ್ಯಾರಿಯರ್ ದ್ವೀಪಕ್ಕೆ ಹೋಗುವ ಬ್ಯಾರಿಯರ್ ಏರ್‌ನಂಥ ಪುಟ್ಟ ಕಂಪನಿ. ಅಲ್ಲಿಂದ, 2016ರವರೆಗೆ, ಈಗಲ್ ಏರ್‌ನ 19 ಸೀಟಿನ ಬೀಚ್ 1900ಡಿ. ಆಮೇಲೆ ಆಗಿನ ಏರ್ ನೆಲ್ಸನ್‌ನ 50 ಸೀಟಿನ ಡ್ಯಾಶ್ 8 ಅಥವಾ ಮೌಂಟ್ ಕುಕ್‌ನ ಎಟಿಆರ್. ಕೊನೆಗೆ, ಬಯಸಿದವರಿಗೆ, ಜೆಟ್.

ಈ ಸಾಲಿನಲ್ಲಿ ಈಗಲ್ ಏರ್‌ನ ಜಾಗ ದೊಡ್ಡದಾಗಿತ್ತು. ಆ ವಿಮಾನದಲ್ಲಿ ನಡುವೆ ಓಡಾಡಲು ಇಕ್ಕಟ್ಟು ದಾರಿ, ಪ್ರತಿ ಸಾಲಿನಲ್ಲಿ ಆಚೆಗೊಂದು ಈಚೆಗೊಂದು ಸೀಟು. ಗಗನಸಖಿ ಇರಲಿಲ್ಲ. ಸುರಕ್ಷತೆಯ ಮಾತುಗಳನ್ನು ಪೈಲಟ್‌ಗಳೇ ಪ್ರಯಾಣಿಕರಿಗೆ ಹೇಳಬೇಕಿತ್ತು. ಒಂದೇ ಪಾಳಿಯಲ್ಲಿ ಹಲವು ಸಲ ಏರಿ ಇಳಿಯಬೇಕಿತ್ತು: ಬೆಳಿಗ್ಗೆ ಮಂಜು ಕವಿದ ಹ್ಯಾಮಿಲ್ಟನ್, ಆಮೇಲೆ ಅಡ್ಡಗಾಳಿಯ ವೆಲ್ಲಿಂಗ್ಟನ್, ಆಮೇಲೆ ಒಂದೇ ಕೊಠಡಿಯ ನಿಲ್ದಾಣವಿರುವ ಯಾವುದೋ ಊರು. ಸಹಪೈಲಟ್‌ನ ಬಲಗಡೆಯ ಸೀಟಿನಲ್ಲಿ ಕೂತ ಹುಡುಗ ಹುಡುಗಿಯರು ಎರಡು ವರ್ಷದಲ್ಲಿ ಕಲಿಯುತ್ತಿದ್ದುದನ್ನು ಯಾವ ಸಿಮ್ಯುಲೇಟರ್ ಸಹ ಕಲಿಸಲಾರದು.

2014ರ ನವೆಂಬರ್‌ನಲ್ಲಿ ಏರ್ ನ್ಯೂಜಿಲೆಂಡ್ ಈ ಮೆಟ್ಟಿಲನ್ನು ಕಿತ್ತುಹಾಕುವ ನಿರ್ಧಾರ ಪ್ರಕಟಿಸಿತು. 19 ಸೀಟಿನ ವಿಮಾನಗಳಿಂದ ತಿಂಗಳಿಗೆ ಸುಮಾರು 10 ಲಕ್ಷ ಡಾಲರ್ ನಷ್ಟ ಎಂಬುದು ಕಂಪನಿ ಕೊಟ್ಟ ಕಾರಣ. 2015ರಲ್ಲಿ ಕೈಟಾಯಾ, ಫಾಕಟಾನೆ, ವೆಸ್ಟ್‌ಪೋರ್ಟ್ ಊರುಗಳಿಗೆ ಅದರ ಸೇವೆ ನಿಂತಿತು. 2016ರ ಆಗಸ್ಟ್‌ನಲ್ಲಿ ಈಗಲ್ ಏರ್ ಕೊನೆಯ ಹಾರಾಟ ಮುಗಿಸಿತು. ಬಿಟ್ಟುಹೋದ ಊರುಗಳನ್ನು ಸಣ್ಣವರು ಎತ್ತಿಕೊಂಡರು: ಕೈಟಾಯಾಕ್ಕೆ ಬ್ಯಾರಿಯರ್ ಏರ್, ಫಾಕಟಾನೆಗೆ ಏರ್ ಚಾಥಮ್ಸ್, ವೆಸ್ಟ್‌ಪೋರ್ಟ್‌ಗೆ ಸೌಂಡ್ಸ್ ಏರ್. 2019ರ ಕೊನೆಗೆ ಏರ್ ನೆಲ್ಸನ್ ಮತ್ತು ಮೌಂಟ್ ಕುಕ್ ಹೆಸರುಗಳೂ ಅಳಿಸಿ, ಎಲ್ಲವೂ ಒಂದೇ ಏರ್ ನ್ಯೂಜಿಲೆಂಡ್ ಆಯಿತು.

ಈ ಕೆಲಸದಲ್ಲಿ ಇನ್ನೊಂದು ಕಟ್ಟಳೆಯನ್ನೂ ಅರಿಯಬೇಕು, ಅದು ಸೀನಿಯಾರಿಟಿ. ಸೇರಿದ ದಿನವೇ ಪೈಲಟ್‌ಗೆ ಒಂದು ಕ್ರಮಸಂಖ್ಯೆ ಸಿಗುತ್ತದೆ. ಯಾವ ಊರಿನಲ್ಲಿ ನೆಲೆಸುವುದು, ಎಂದು ರಜೆ, ಎಂದು ಕ್ಯಾಪ್ಟನ್‌ನ ಎಡಗಡೆಯ ಸೀಟು, ಎಂದು ಜೆಟ್ ಎಲ್ಲವನ್ನೂ ಬಹುಮಟ್ಟಿಗೆ ಆ ಸಂಖ್ಯೆಯೇ ನಿರ್ಧರಿಸುತ್ತದೆ. ಆದ್ದರಿಂದ ಕೆಲಸ ಸಿಗುವುದು ಎಷ್ಟು ಮುಖ್ಯವೋ ಯಾವ ವರ್ಷ ಸಿಗುತ್ತದೆ ಎಂಬುದೂ ಅಷ್ಟೇ ಮುಖ್ಯ. 2001ರ ಏಪ್ರಿಲ್‌ನಲ್ಲಿ, ಆನ್ಸೆಟ್ ನ್ಯೂಜಿಲೆಂಡ್‌ನ ಉತ್ತರಾಧಿಕಾರಿಯಾಗಿದ್ದ ಕ್ವಾಂಟಸ್ ನ್ಯೂಜಿಲೆಂಡ್ ಮುಳುಗಿತು. 2006ರಲ್ಲಿ ನೆಲ್ಸನ್‌ನ ಒರಿಜಿನ್ ಪೆಸಿಫಿಕ್ ನಿಂತಿತು. 2020ರಲ್ಲಿ ಕೊರೊನಾ ಬಂದು ಏರ್ ನ್ಯೂಜಿಲೆಂಡ್ ಸುಮಾರು 4000 ನೌಕರರನ್ನು ಕಳೆದುಕೊಂಡಿತು. ಅವರಲ್ಲಿ ನೂರಾರು ಪೈಲಟ್‌ಗಳಿದ್ದರು. ಪ್ರತಿ ಸಲವೂ ಅನುಭವಿಗಳು ಸಾಲಿನ ಕೊನೆಗೆ ಬಂದು ನಿಂತರು, ಅವರ ಹಿಂದೆ ಹೊಸಬರು ಇನ್ನಷ್ಟು ವರ್ಷ ಕಾದರು. ಮೇಲೆ ಜೆಟ್‌ಗಳಿಗೆ ಜನ ಬೇಕಾದ ವರ್ಷ ಕೆಳಗಿನ ಫ್ಲೈಯಿಂಗ್ ಕ್ಲಬ್ಬಿನ ಬೋಧಕನವರೆಗೂ ಎಲ್ಲರೂ ಒಂದೊಂದು ಮೆಟ್ಟಿಲು ಏರಿದರು.

ಕಲಿಯುವ ಖರ್ಚಿನ ಭಾರವೂ ಸಣ್ಣದಲ್ಲ. ಪಾಮರ್‌ಸ್ಟನ್ ನಾರ್ತ್‌ನ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ವಿಮಾನಯಾನದ ಪದವಿಯೇ ಇದೆ. ಆರ್ಡ್‌ಮೋರ್, ಮೊಟುಯೆಕಾ, ಕ್ರೈಸ್ಟ್‌ಚರ್ಚ್‌ಗಳಲ್ಲಿ ಹೆಸರುವಾಸಿ ಶಾಲೆಗಳಿವೆ. ಎಲ್ಲಿ ಕಲಿತರೂ ಖರ್ಚು ಲಕ್ಷ ಡಾಲರ್ ದಾಟುತ್ತದೆ, ಬಹಳಷ್ಟು ಜನ ಸಾಲ ಮಾಡುತ್ತಾರೆ. ನಮ್ಮವರಿಗೂ ಆ ಆಕಾಶ ಅಪರಿಚಿತವಲ್ಲ. ಇಂಡಿಗೋ ಸಂಸ್ಥೆಯ ಕೆಡೆಟ್‌ಗಳು ಹ್ಯಾಮಿಲ್ಟನ್‌ಗೆ ಹೋಗಿ ಹಾರಲು ಕಲಿತು ಬಂದಿದ್ದಾರೆ.

ಕರ್ನಾಟಕದ ಓದುಗರಿಗೆ ಈ ಕಥೆ ಹತ್ತಿರವಾಗಲು ಇನ್ನೊಂದು ಕಾರಣವಿದೆ. 2003ರಲ್ಲಿ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಕಟ್ಟಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಿಸಿದ್ದು ಎಟಿಆರ್ ವಿಮಾನವನ್ನೇ. ಆದರೆ ಪೈಲಟ್ ಆಗುವ ದಾರಿ ಇಲ್ಲಿ ಬೇರೆ. ನಮ್ಮಲ್ಲಿ 200 ಗಂಟೆಯ ಲೈಸೆನ್ಸ್ ಮತ್ತು ಆ ಮಾದರಿಯ ತರಬೇತಿ ಮುಗಿಸಿದವರು ನೇರವಾಗಿ 180 ಸೀಟಿನ ಜೆಟ್ಟಿನ ಬಲಗಡೆ ಕೂರಬಹುದು. ಅಮೆರಿಕದಲ್ಲಿ 2009ರಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಸಹಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಎಂಬ ಕಾನೂನು ಬಂತು. ನ್ಯೂಜಿಲೆಂಡ್ ಇವೆರಡರ ನಡುವೆ ನಿಂತಿದೆ. ಅಲ್ಲಿ ಆ ನಡುವಿನ ಗಂಟೆಗಳನ್ನು ಕಾನೂನಿಗಿಂತ ಹೆಚ್ಚಾಗಿ ರೂಢಿಯೇ ಕಾಯ್ದುಕೊಂಡು ಬಂದಿದೆ. ಆ ರೂಢಿ ಉಳಿದಿರುವುದು ಸಣ್ಣ ವಿಮಾನಗಳು ಸಣ್ಣ ಊರುಗಳಿಗೆ ಹಾರುವುದರಿಂದ.

ಆ ಆಸರೆ ಈಗ ಅಲುಗಾಡುತ್ತಿದೆ. 2024ರ ಕೊನೆಗೆ ಸೌಂಡ್ಸ್ ಏರ್ ವೆಸ್ಟ್‌ಪೋರ್ಟ್ ಮತ್ತು ಟೌಪೊ ಮಾರ್ಗಗಳನ್ನು ಕೈಬಿಟ್ಟಿತು. 2025ರಲ್ಲಿ ಸರ್ಕಾರ ಸಣ್ಣ ವಿಮಾನ ಕಂಪನಿಗಳಿಗೆ 3 ಕೋಟಿ ಡಾಲರ್‌ವರೆಗಿನ ಸಾಲದ ನೆರವು ಪ್ರಕಟಿಸಿತು. ಅತ್ತ ಏರ್ ನ್ಯೂಜಿಲೆಂಡ್ ಮೊದಲ ಪಾಠದಿಂದಲೇ ಖರ್ಚು ವಹಿಸಿ ಕಲಿಸುವ ‘ಮಂಗೋಪಾರೆ’ ಎಂಬ ಯೋಜನೆ ತಂದಿದೆ. ಆಯ್ಕೆಯಾದವರು ಅಮೆರಿಕದ ಅರಿಜೋನಾದಲ್ಲಿ ಕಲಿತು, ಮರಳಿ ಎಟಿಆರ್‌ನ ಬಲಗಡೆಯ ಸೀಟಿಗೆ ಬರುತ್ತಾರೆ. ಸಾಲ ಮಾಡಲಾಗದ ಮನೆಗಳ ಮಕ್ಕಳಿಗೆ ಇದು ನಿಜವಾಗಿಯೂ ಒಳ್ಳೆಯ ಸುದ್ದಿ. ಆದರೆ ಇದು ಗೊಬ್ಬರದ ಪಟ್ಟಿ, ಕ್ಲಬ್ಬು, 19 ಸೀಟಿನ ವಿಮಾನಗಳ ಜಾಗವನ್ನು ತುಂಬಲಾರದು. ಆ ಸಣ್ಣ ಕಂಪನಿಗಳು ಪೈಲಟ್‌ಗಳನ್ನು ಪಳಗಿಸುತ್ತಲೇ ಊರುಗಳನ್ನೂ ಸಲಹುತ್ತಿದ್ದವು. ವೆಸ್ಟ್‌ಪೋರ್ಟ್‌ನ ರೋಗಿಗೂ ವೆಲ್ಲಿಂಗ್ಟನ್‌ನ ಆಸ್ಪತ್ರೆಗೂ ನಡುವಿನ ದೂರವನ್ನು ಅರಿಜೋನಾದ ತರಬೇತಿ ಕಡಿಮೆ ಮಾಡುವುದಿಲ್ಲ. ಸಣ್ಣ ಕಂಪನಿಗಳಿಗೆ ಕೊಡುವ ನೆರವನ್ನು ರಸ್ತೆಗೆ ಹಾಕುವ ಹಣದಂತೆಯೇ ನೋಡಬೇಕು.

ಹೋಕಿಟಿಕಾದಿಂದ ಇಂದಿಗೂ ವಿಮಾನ ಹಾರುತ್ತದೆ. 50 ಸೀಟಿನ ಡ್ಯಾಶ್ 8 ಸದರ್ನ್ ಆಲ್ಪ್ಸ್ ಬೆಟ್ಟಸಾಲನ್ನು ದಾಟಿ ಕ್ರೈಸ್ಟ್‌ಚರ್ಚ್ ತಲುಪುತ್ತದೆ. ಅದೇ ಕ್ರೈಸ್ಟ್‌ಚರ್ಚ್‌ನ ಏರೋ ಕ್ಲಬ್ಬಿನಲ್ಲಿ ಮರ್ಸರ್ ಬೋಧಕರಾಗಿದ್ದರು. 1928ರಲ್ಲಿ ಹುಟ್ಟಿದ ಆ ಕ್ಲಬ್ಬು ಈಗಲೂ ಹೊಸಬರಿಗೆ ಹಾರಲು ಕಲಿಸುತ್ತಿದೆ.